ಬಾಗಿಲ ಸೇವೆಯ ಲೂಷಸ್ ಪೆಟ್ವೇ

೨೦೧೮ನೆಯ ಇಸವಿ ಮಾರ್ಚ್ ಹದಿಮೂರು, ಮಂಗಳವಾರ, ಬೆಳಗಿನ ಗಂಟೆ ಬಾರಿಸುವ ಮುನ್ನ, ನಮ್ಮ ಕೇರಿಯ ಪ್ರಾಥಮಿಕ ಶಾಲೆಯ ಹೆಬ್ಬಾಗಿಲಲ್ಲಿ ನಿಂತಿದ್ದ ಜಮಾರಿ ಎಂಬ ಹತ್ತು ವರ್ಷದ ಬಾಲಕನಿಂದ ಬಿಳಿಯ ಕೈಗವಸುಗಳನ್ನು ಕಳಚಿಸಿ, ಪುಂಡರ ಗುಂಪಿನ ಸಂಜ್ಞೆ ತೋರಿಸಿದನೆಂಬ ಆರೋಪ ಹೊರಿಸಿ, ಅವನನ್ನು ಐದು ದಿನ ಶಾಲೆಯಿಂದ ಹೊರಗಿಡಲಾಯಿತು. ಅದು ಪುಂಡರ ಸಂಜ್ಞೆಯಾಗಿರಲಿಲ್ಲ. ಅದೇನೆಂದು ಅರಿಯಬೇಕಾದರೆ ಲೂಷಸ್ ಪೆಟ್ವೇ ಎಂಬ ಮನುಷ್ಯರು ಹೇಗೆ ನಿಲ್ಲುತ್ತಿದ್ದರೆಂಬುದನ್ನು ಮೊದಲು ಅರಿಯಬೇಕು.

ಅವರು ನಿಂತರೆ ಎಡಗೈ ಮುಷ್ಟಿಯಾಗಿ ಬೆನ್ನಹಿಂದೆ ಸೊಂಟಕ್ಕೆ ಸೇರುತ್ತಿತ್ತು. ಪಾಠ ಹೇಳುವಾಗಲೂ, ಅಂಗಡಿಯಲ್ಲಿ ಮೀನು ಕೊಳ್ಳುವಾಗಲೂ, ಬೇಸಿಗೆಯಲ್ಲೂ ಬಿಡದ ಆ ಕಂದು ಕೋಟಿನ ಮೇಲೆ ಆ ಮುಷ್ಟಿ ಒಂದು ಗುಂಡಿಯಂತೆ ಕೂತಿರುತ್ತಿತ್ತು. ಅಮೆರಿಕದ ದಕ್ಷಿಣದ ಅಲಬಾಮಾದಿಂದ ರೈಲು ಹತ್ತಿ ಉತ್ತರಕ್ಕೆ ಬಂದ ನಮ್ಮ ಹಿರಿಯರು ಕಟ್ಟಿದ ಚರ್ಚಿನಲ್ಲಿ, ಕರಿಯರ ಎಲ್ಲ ಹಳೆಯ ಚರ್ಚುಗಳಂತೆ, ಬಂದವರನ್ನು ಬರಮಾಡಿಕೊಂಡು ಕೂರಿಸುವ ಬಾಗಿಲ ಸೇವೆಯೆಂಬುದು ಒಂದು ದೀಕ್ಷೆ. ಬಿಳಿಯ ಕೈಗವಸು ತೊಟ್ಟು, ಎಡಗೈಯನ್ನು ಹಾಗೆಯೇ ಬೆನ್ನಹಿಂದೆ ಮುಷ್ಟಿ ಕಟ್ಟಿ ನಿಂತವನು ಮಾತಾಡುವಂತಿಲ್ಲ. ಎತ್ತಿದ ಬೆರಳುಗಳು ಎಷ್ಟು ಆಸನ ಖಾಲಿಯೆಂದು ಹೇಳುತ್ತವೆ. ಎದೆಯ ಮೇಲಿಟ್ಟ ಅಂಗೈ, ಪ್ರಾರ್ಥನೆ ನಡೆದಿದೆ, ನಿಲ್ಲಿ, ಎನ್ನುತ್ತದೆ. ಪೆಟ್ವೇ ಹುಡುಗನಾಗಿದ್ದಾಗಲೇ ಆ ಸೇವೆಗೆ ಸೇರಿದವರು.

ಐದನೆಯ ತರಗತಿಯ ಶಿಕ್ಷಕರಾಗಿ ಅವರು ಈ ಪದ್ಧತಿಯನ್ನು ಶಾಲೆಯ ಬಾಗಿಲಿಗೆ ತಂದರು. ಆರಿಸಿದ್ದು ಜಾಣರನ್ನಲ್ಲ, ತರಗತಿ ತರಗತಿಯಿಂದ ಹೊರದೂಡಿಸಿಕೊಂಡ ಗಂಡುಹುಡುಗರನ್ನು. ಪಕ್ಕದ ಕೊಠಡಿಯಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತಿದ್ದ ನಾನು ನಕ್ಕಿದ್ದೆ.

"ಈ ಕೋತಿಗಳನ್ನ ಬಾಗಿಲಿಗೆ ನಿಲ್ಲಿಸಿದ್ರೆ ಬಾಗಿಲೇ ಉಳಿಯಲ್ಲ ಕಣಪ್ಪ."

"ನೋಡೋಣ, ಓಡೆಸ್ಸಕ್ಕ, ನೋಡೋಣ. ಬಾಗಿಲು ಒದ್ದೋನಿಗೇ ಅಲ್ವಾ ಅದೆಷ್ಟು ಗಟ್ಟಿ ಅಂತ ಗೊತ್ತಿರೋದು."

ಜಮಾರಿ ಕೈಗವಸು ತೊಟ್ಟ ಮೊದಲ ದಿನ ಗೆಳೆಯನೊಬ್ಬ ಕೆಣಕಿದ: "ಏನೋ, ಮದುವೆಗೆ ಹೊರಟ್ಯಾ?"

"ಹೌದು ಕಣೋ, ನಿಮ್ಮಜ್ಜೀನೇ ಹುಡುಗಿ." ಪೆಟ್ವೇ ಮೆಲ್ಲಗೆ ಕೆಮ್ಮಿದರು. ಜಮಾರಿ ಬೆನ್ನು ನೆಟ್ಟಗೆ ಮಾಡಿ, "ಒಳಗೆ ದಯಮಾಡಿಸಿ, ಸರ್," ಎಂದ.

ಆ ಹುಡುಗರು ಕಲಿಯಬೇಕಾಗಿದ್ದುದು ಮುಖ ನೋಡುವುದನ್ನು. ಒಳಬರುವ ಮಗು ಅತ್ತು ಬಂದಿದ್ದರೆ, ಮನೆಯಲ್ಲಿ ರಾತ್ರಿ ಏನೋ ನಡೆದಿದ್ದರೆ, ಬಾಗಿಲ ಹುಡುಗ ತೊಡೆಯ ಪಕ್ಕದಲ್ಲಿ ಎರಡು ಬೆರಳು ಚಾಚುತ್ತಿದ್ದ. ಈ ಮಗುವನ್ನು ಈಗ ಪ್ರಶ್ನಿಸಬೇಡಿ, ಗದರಬೇಡಿ ಎಂದು ಅದರ ಅರ್ಥ. ಶಿಕ್ಷಕರಾದ ನಮಗೆಲ್ಲ ಅದು ತಿಳಿದಿತ್ತು. ಸಂಜ್ಞೆ ಮಾಡಿದವನು ಅದರ ಅರ್ಥವನ್ನು ಆ ಮಗುವಿನ ಕಿವಿಗೆ ಬೀಳುವಂತೆ ಎಂದೂ ಆಡಬಾರದು. ನಿಯಮ ಇದೊಂದೇ.

ಆ ವರ್ಷದ ಜನವರಿಯಲ್ಲಿ ಶಾಲಾ ಮಂಡಳಿಯು ಶೀಲಶಿಕ್ಷಣದ ಸಂಯೋಜಕಿಯಾಗಿ ಶ್ರೀಮತಿ ವಿಟ್ಲೋ ಅವರನ್ನು ಕಳುಹಿಸಿತು. ತಿಂಗಳಿಗೊಂದು ಸದ್ಗುಣದ ಭಿತ್ತಿಪತ್ರ ಗೋಡೆಗೇರಿತು. ಮಾರ್ಚ್ ತಿಂಗಳಿನದು 'ಗೌರವ'. ಅದರ ಕೆಳಗೇ ಜಮಾರಿ ನಿಂತಿದ್ದ. ಕಣ್ಣು ಊದಿಸಿಕೊಂಡ ಪುಟ್ಟ ಹುಡುಗನೊಬ್ಬ ಒಳಬಂದ. ಜಮಾರಿಯ ಎರಡು ಬೆರಳು ಚಾಚಿಕೊಂಡವು.

"ಏನದು? ಏನರ್ಥ ಅದಕ್ಕೆ?" ಎಂದರು ವಿಟ್ಲೋ.

"ಹೇಳೋ ಹಾಗಿಲ್ಲ, ಮ್ಯಾಮ್."

ಆ ಪುಟ್ಟ ಹುಡುಗ ಪಕ್ಕದಲ್ಲೇ ನಿಂತು ಕೇಳುತ್ತಿದ್ದ. ಅವನ ಮಾನ ಉಳಿಸಲು ಜಮಾರಿ ತನ್ನ ಮಾನ ಕಳೆದುಕೊಂಡ.

ಮುಖ್ಯೋಪಾಧ್ಯಾಯ ಗ್ಯಾಸ್ಕಿನ್ಸ್ ಅವರ ಕೊಠಡಿಯಲ್ಲಿ ಪೆಟ್ವೇ ವಿಟ್ಲೋ ಅವರಿಗೆ ಎಲ್ಲವನ್ನೂ ವಿವರಿಸಿದಾಗ ನಾನು ಅಲ್ಲಿದ್ದೆ. "ಭಾನುವಾರ ನಮ್ಮ ಚರ್ಚಿಗೆ ಬನ್ನಿ ಮೇಡಂ, ಬಾಗಿಲಲ್ಲೇ ಕಾಯ್ತಿರ್ತೀನಿ. ನೀವೇ ನೋಡಿ."

"ನೋಡಿದೋರಿಗೆ ಇದು ಹೇಗೆ ಕಾಣುತ್ತೆ ಅಂತ ನೀವು ಯೋಚಿಸ್ಬೇಕಿತ್ತು, ಮಿಸ್ಟರ್ ಪೆಟ್ವೇ."

ಗ್ಯಾಸ್ಕಿನ್ಸ್ ಕಿಟಕಿಯಾಚೆ ನೋಡುತ್ತಿದ್ದರು. ಬಾಲ್ಯದಲ್ಲಿ ಅದೇ ಚರ್ಚಿನ ಅದೇ ಬಾಗಿಲಲ್ಲಿ, ಪೆಟ್ವೇ ಅವರ ಪಕ್ಕದಲ್ಲಿ, ಅವರೂ ಕೈಗವಸು ತೊಟ್ಟು ನಿಂತವರು. ಜಮಾರಿಯನ್ನು ಹೊರಗಿಡುವ ಕಾಗದಕ್ಕೆ ಸಹಿ ಹಾಕಿದರು.

ಬಾಗಿಲ ಸೇವೆ ಅಂದಿಗೇ ನಿಂತಿತು. ಜೂನ್ ತಿಂಗಳಲ್ಲಿ ಪೆಟ್ವೇ ನಿವೃತ್ತರಾದರು; ಕಳೆದ ನವೆಂಬರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಜಮಾರಿ ಚರ್ಚಿನ ಮೆಟ್ಟಿಲ ಕೆಳಗೆ, ಎರಡೂ ಕೈಗಳನ್ನು ಜೇಬಿಗಿಳಿಸಿಕೊಂಡು ನಿಂತಿದ್ದ.

"ಒಳಗೆ ಬಾ ಮಗಾ."

"ಬೇಡ, ಮಿಸ್ ಓಡೆಸ್ಸಾ. ಒಳಗೆ ಬಂದ್ರೆ ಕೈ ಎಲ್ಲಿಟ್ಕೋಬೇಕು ಅಂತಾನೇ ಗೊತ್ತಾಗಲ್ಲ."

ಪೆಟ್ವೇ ಅವರಂಥವರು ಸದ್ಗುಣಗಳ ಹೆಸರು ಹೇಳುವುದಿಲ್ಲ. ಯಾರೂ ನಂಬದವನ ಕೈಗೆ ಇನ್ನೊಬ್ಬರ ಮಾನವನ್ನು ಒಪ್ಪಿಸಿ, ತಾವು ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಅಂಥವರನ್ನು ಹೊರಗಿಟ್ಟ ಮೇಲೆ ಮಂಡಳಿಗಳು ಶೀಲವನ್ನು ಹುಡುಕಿಕೊಂಡು ಹೊರಡುವುದನ್ನು ನಾನು ಸಾಕಾಗುವಷ್ಟು ಕಂಡಿದ್ದೇನೆ, ದಣಿದಿದ್ದೇನೆ.

ಆದಕಾರಣ, ಶ್ರೀ ಗ್ಯಾಸ್ಕಿನ್ಸ್ ಅವರೇ, ಶ್ರೀಮತಿ ವಿಟ್ಲೋ ಅವರೇ: ಮುಂದಿನ ಶಾಲೆಗೂ ಜಮಾರಿಯ ಬೆನ್ನು ಹತ್ತಿರುವ ಆ ಆರೋಪವನ್ನು ಅಳಿಸಿರಿ. ಅವನನ್ನು ಕರೆಸಿ, ಅದೇ ಬಾಗಿಲಲ್ಲಿ, ಮಕ್ಕಳು ಒಳಬರುವ ಹೊತ್ತಿನಲ್ಲಿ, ಎಲ್ಲರೆದುರು ಆ ಕೈಗವಸುಗಳನ್ನು ಹಿಂದಿರುಗಿಸಿರಿ. ಹೇಗೆ ನಿಲ್ಲಬೇಕೆಂದು ಶ್ರೀಮತಿಯವರಿಗೆ ತಿಳಿಯದಿರಬಹುದು. ಗ್ಯಾಸ್ಕಿನ್ಸ್ ಅವರೇ, ಎಡಗೈ ಎಲ್ಲಿರಬೇಕೆಂಬುದು ನಿಮಗೆ ತಿಳಿದಿದೆ.