ಶ್ರುತಿ ತಪ್ಪದ ಅಳು

ಮಾರುತೇಶ್ ಮೇಷ್ಟ್ರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಸಿಟ್ಟೂ ಬರುತ್ತಿಲ್ಲ, ಅಳುವೂ ಬರುತ್ತಿಲ್ಲ. ಅದೇ ನನ್ನ ಗೋಳು.

ತೊಂಬತ್ತೆಂಟರಲ್ಲಿ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ನನ್ನ ಮಗಳು ನಾಗರತ್ನಳ ಸೆರಗು ಯಂತ್ರದ ಬೆಲ್ಟಿಗೆ ಸಿಕ್ಕಿಕೊಂಡು ಜೀವ ಹೋಯಿತು. ಹುಡುಗಿಯದೇ ಅಜಾಗರೂಕತೆ ಎಂದ ಮಾಲೀಕ. ಅವನ ಬಾಯಿಗೆ ಮಣ್ಣು ಬೀಳಲಿ! ನಮ್ಮ ನನ್ನಿವಾಳದಲ್ಲಿ ಹೆಣದ ಮುಂದೆ ಹೆಂಗಸರು ಹಾಡಿಕೊಂಡೇ ಅಳುತ್ತೇವೆ. ತಾಯಿ ಮೊದಲು ದನಿ ಎತ್ತಬೇಕು, ಆಮೇಲೆ ಉಳಿದವರು. ಮಗಳು ಮೊದಲ ಸಂಬಳದಲ್ಲಿ ತಂದುಕೊಟ್ಟ ಬಳೆ, ಅವತ್ತು ಅರ್ಧ ತಿಂದಿಟ್ಟು ಹೋದ ರೊಟ್ಟಿ, ಬಾಯಿಗೆ ಬಂದದ್ದನ್ನೆಲ್ಲ ಹೇಳಿಕೊಂಡು ಅತ್ತಿದ್ದೆ.

ಕೂಲಿಕಾರರ ಸಂಘಕ್ಕೆ ಹಾಡು ಕಟ್ಟುವ ಮಾರುತೇಶ್ ಮೇಷ್ಟ್ರು ಅಂದು ಅಲ್ಲೇ ನಿಂತಿದ್ದರು. ತಿಂಗಳು ಕಳೆದು ಮನೆಗೆ ಬಂದರು.

“ಮಂಜಮ್ಮಾರೇ, ನಿಮ್ಮ ಅಳು ಊರಿಗೆಲ್ಲ ಕೇಳಬೇಕು. ಮಿಲ್ಲಿನ ಹೆಂಗಸರನ್ನೆಲ್ಲ ಸೇರಿಸಿ ಹಾಡಿಸ್ತೀನಿ. ಮುಂದೆ ನೀವೇ ಇರ್ಬೇಕು.”

ಮಗಳಿಗೆ ನ್ಯಾಯ ಸಿಗುವುದಾದರೆ ಬೆಂಕಿಗೂ ಬೀಳುತ್ತಿದ್ದೆ. ಒಪ್ಪಿದೆ.

ಅಂದು ನಾನು ಹೇಳಿಕೊಂಡು ಅತ್ತದ್ದನ್ನೇ ಮೇಷ್ಟ್ರು ಹಾಡಾಗಿ ಕಟ್ಟಿದರು. ಸಂಘದ ಕೋಣೆಯಲ್ಲಿ ದಿನಾ ಸಂಜೆ ತಾಲೀಮು. ಎರಡು ಪಿಟೀಲು, ರಾಂಪುರದ ಬ್ಯಾಂಡಿನವನೊಬ್ಬನ ಕ್ಲಾರಿನೆಟ್. ಅರ್ಧ ಹೆಂಗಸರು ಮೇಲಿನ ದನಿಯಲ್ಲಿ, ಉಳಿದವರು ಕೆಳಗಿನ ದನಿಯಲ್ಲಿ. ರೊಟ್ಟಿಯ ಸಾಲು ಬರುತ್ತಲೇ ನನ್ನ ಗಂಟಲು ಕಟ್ಟುತ್ತಿತ್ತು. ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸುತ್ತಿದ್ದರು.

“ಅಳಬ್ಯಾಡ್ರಿ, ಶ್ರುತಿ ಹೋಗ್ತೈತೆ. ಇನ್ನೊಂದ್ಸಲ.”

ಇನ್ನೊಂದು ಸಲ, ಮತ್ತೂ ಒಂದು ಸಲ. ಒಂದು ಸಂಜೆ ಗಂಟಲು ಕಟ್ಟಲೇ ಇಲ್ಲ. “ಭೇಷ್!” ಎಂದರು.

ಹಾಡಿನ ಕಚೇರಿಯ ದಿನ ಕಾಲಿಡಲು ಜಾಗವಿರಲಿಲ್ಲ. ಮೊಳಕಾಲ್ಮುರಿನ ನೇಕಾರರು ಲಾರಿ ಮಾಡಿಕೊಂಡು ಬಂದಿದ್ದರು. ನಾನು ಒಂದಕ್ಷರ ತಪ್ಪಲಿಲ್ಲ. ಜನ ಬಿಕ್ಕಿ ಬಿಕ್ಕಿ ಅತ್ತರು, ಎದ್ದು ನಿಂತು ಘೋಷಣೆ ಕೂಗಿದರು. ಮರುವಾರವೇ ಮಿಲ್ಲಿನ ಬೆಲ್ಟುಗಳಿಗೆ ಜಾಲರಿ ಬಂತು. ಹಾಗಾಗಿ ಮೇಷ್ಟ್ರನ್ನು ಬೈಯಲು ನನಗೆ ಬಾಯಿಲ್ಲ.

ವರ್ಷದ ದಿನ ಮಗಳನ್ನು ಹೂಳಿದ ಗುದ್ದಿನ ಹತ್ತಿರ ನೆಂಟರೆಲ್ಲ ಸೇರಿದೆವು. ಎಡೆ ಇಟ್ಟಾದ ಮೇಲೆ ಹೆಂಗಸರು ನನ್ನ ಬಾಯಿ ನೋಡುತ್ತ ಕುಳಿತರು. ಇಲ್ಲಿ ಯಾರೂ ತಡೆಯುವವರಿಲ್ಲ, ಹೊಟ್ಟೆತುಂಬ ಅತ್ತುಬಿಡೋಣ ಎಂದೇ ಬಂದಿದ್ದೆ. ದನಿ ಎತ್ತಿದೆ. ಬಳೆ ಬಂತು, ರೊಟ್ಟಿ ಬಂತು. ಕಣ್ಣು ಒಣಗಿಯೇ ಇತ್ತು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಕೊನೆತನಕ ಹಾಡಿ ನಿಲ್ಲಿಸಿದೆ.

ನಮ್ಮಕ್ಕ ಸಿದ್ದಕ್ಕ ಮೂಗೊರೆಸಿಕೊಂಡು ನನ್ನ ಕೈ ಹಿಡಿದಳು.

“ಎಷ್ಟು ಚೆಂದ ಹಾಡ್ದೆ ಕಣೇ ಮಂಜಿ!”

ನನಗೆ ಖುಷಿಯಾಯಿತು. ಅಯ್ಯೋ ಶಿವನೇ, ಮಗಳ ಗುದ್ದಿನ ಮುಂದೆ ಕುಳಿತು ನನಗೆ ಖುಷಿಯಾಯಿತು.