ದವಡೆ ತಿದ್ದಿಸಿಕೊಂಡವನು

ಬೇಡವೆಂದು ಕೈ ಎತ್ತುವ ಮೊದಲೇ ತಾಯಿ ಸಿರಿಂಜಿನ ಕೊಳವೆಯನ್ನು ಅವನ ಕೆನ್ನೆಯ ಒಳಸಂದಿಗೆ ತೂರಿಸಿ ಒತ್ತಿಬಿಟ್ಟಳು. ಸೋಸಿದ ಮಾಂಸದ ಸಾರು ಹಲ್ಲುಗಳನ್ನು ಸುತ್ತಿಕೊಂಡು ಗಂಟಲಿಗಿಳಿಯಿತು. ಅರ್ಧ ಒಳಗೆ ಹೋಯಿತು. ಉಳಿದರ್ಧ ಎಲ್ಲಿ ಹೋಯಿತೆಂದು ಅಮಂಕ್ವಾನಿಗೆ ತಿಳಿದದ್ದು ತಾಯಿ ಬಟ್ಟೆಯಿಂದ ಅವನ ಗಲ್ಲ ಒರೆಸಿದಾಗ. ಕೆಳತುಟಿ, ಗಲ್ಲ ಎರಡೂ ಜೋಮುಗಟ್ಟಿದ್ದವು.

"ನುಂಗು ಮಗಾ," ಎಂದಳು. "ತಲೆ ನರೆತ ಮೇಷ್ಟರಿಗೆ ಬಾಯಿಗೆ ಹನಿಸೋ ಭಾಗ್ಯ ಈ ಕ್ವಾದಾಸೊ ಕೇರೀಲಿ ಇನ್ಯಾವ ಮುದುಕಿಗಿದೆ ಹೇಳು."

ಅವನು ಮೇಷ್ಟರಲ್ಲ, ಕುಮಾಸಿಯ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಕಲಿಸುವ ಪ್ರಾಧ್ಯಾಪಕ. ತಿದ್ದಬೇಕೆನಿಸಿತು. ಆದರೆ ಮೇಲಿನ ಹಲ್ಲುಸಾಲನ್ನೂ ಕೆಳಗಿನದನ್ನೂ ರಬ್ಬರ್ ಬ್ಯಾಂಡುಗಳಿಂದ ಬಿಗಿದು ಕಟ್ಟಿದ್ದರು. ಇನ್ನೂ ಕೆಲವು ವಾರ ಹಾಗೇ ಇರಬೇಕಂತೆ.

ಪಕ್ಕದ ಅಂಗಳದಲ್ಲಿ ಊಟದ ಫುಫು ಮುದ್ದೆ ಕುಟ್ಟುವ ಒನಕೆಯ ಸದ್ದು ಬಿಡದೆ ಬರುತ್ತಿತ್ತು.

ಹುಟ್ಟಿದಾಗಿನಿಂದ ಅವನ ಕೆಳದವಡೆ ಮೇಲಿನದನ್ನು ದಾಟಿ ಮುಂದಕ್ಕೆ ಚಾಚಿಕೊಂಡಿತ್ತು. ಶಾಲೆಯಲ್ಲಿ ಅವನ ಹೆಸರು ಸಲಿಕೆ. ವೈದ್ಯರು ಎರಡೂ ದವಡೆಗಳನ್ನು ಕೊಯ್ದು, ಮೇಲಿನದನ್ನು ಮುಂದಕ್ಕೂ ಕೆಳಗಿನದನ್ನು ಹಿಂದಕ್ಕೂ ಸರಿಸಿ, ತಗಡು ಸ್ಕ್ರೂ ಹಾಕಿ ಕೂರಿಸಿದ್ದರು. ಬಾವು ಇಳಿಯುತ್ತ ಬಂದಂತೆ ಕನ್ನಡಿಯಲ್ಲಿ ಲಕ್ಷಣವಾದ ಗಂಡಸೊಬ್ಬ ಮೂಡತೊಡಗಿದ. ಬಸ್ಸಿನಲ್ಲಿ ಎದುರು ಕೂತವನಿಗೆ ಮಾಡುವಂತೆ ಅಮಂಕ್ವಾ ಅವನಿಗೆ ತಲೆಯಾಡಿಸುತ್ತಿದ್ದ. ಪರಿಚಯ ಅದಕ್ಕಿಂತ ಮುಂದುವರಿದಿರಲಿಲ್ಲ.

ಇವತ್ತು ಮಧ್ಯಾಹ್ನ ಸೆರ್ವಾ ಬರುವವಳಿದ್ದಳು. ಅವನನ್ನು ಬಿಟ್ಟುಹೋದ ಹೆಂಡತಿ. ಈಗ ಒಬುವಾಸಿಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ, ಇನ್ನೊಬ್ಬನ ಹೆಂಡತಿ, ಎರಡು ಹೆಣ್ಣುಮಕ್ಕಳ ತಾಯಿ. ಕಾಯಿಲೆ ಬಿದ್ದವರನ್ನು ನೋಡಲು ಬರುವುದು ರೂಢಿ. ಅದಕ್ಕೆ ಬೇರೆ ಅರ್ಥವಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಶರ್ಟು ಎರಡು ಸಲ ಬದಲಾಯಿಸಿದ. ಕಿಟಕಿಯ ಬೆಳಕು ಮುಖದ ಒಂದು ಪಕ್ಕಕ್ಕೆ ಬೀಳುವಂತೆ ಕುರ್ಚಿ ಎಳೆದುಕೊಂಡು ಕೂತ.

ಅವಳು ಬಿಟ್ಟುಹೋದದ್ದರ ಕಾರಣ ಅವನಿಗೆ ಅಂದಿನಿಂದಲೂ ಸ್ಪಷ್ಟವಾಗಿತ್ತು. ಗೆಳೆಯರಿಲ್ಲದ್ದಕ್ಕೆ, ಬಡ್ತಿ ತಪ್ಪಿದ್ದಕ್ಕೆ, ವಿದ್ಯಾರ್ಥಿಗಳು ಪಾಠ ಮುಗಿದೊಡನೆ ಎದ್ದು ಹೋಗುವುದಕ್ಕೆ ಇದ್ದ ಕಾರಣವೇ ಅದು. ಎಲ್ಲಕ್ಕೂ ಒಂದೇ ಕಾರಣವಿರುವ ಬದುಕು ಒಂದು ಬಗೆಯಲ್ಲಿ ಅಚ್ಚುಕಟ್ಟಾಗಿತ್ತು. ಆ ಕಾರಣವನ್ನೇ ಈಗ ಕೊಯ್ದು ಸರಿಸಿಯಾಗಿತ್ತು.

ಸೆರ್ವಾ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದಳು. ತುಸು ದಪ್ಪಗಾಗಿದ್ದಳು. ಮುದುಕಿಯನ್ನು ಅತ್ತೆ ಎಂದೇ ಕರೆದು ತಬ್ಬಿಕೊಂಡಳು. ಅವನ ಮುಖವನ್ನು ಒಮ್ಮೆ ನೋಡಿ, ಬಾವು ಇನ್ನೂ ಇದೆಯಲ್ಲ ಎಂದು, ಬೆಳಕಿಗೆ ಬೆನ್ನು ಹಾಕಿ ಕೂತಳು. ಅಗಿಯಲಾಗದವನಿಗೆ ಹಣ್ಣು ತಂದೆನಲ್ಲ ಎಂದು ತನ್ನನ್ನೇ ಹಳಿದುಕೊಂಡಳು. ರಸ ಹಿಂಡಿ ತರುತ್ತೇನೆಂದು ತಾಯಿ ಅಡುಗೆಮನೆಗೆ ಹೋದಳು.

ಸೆರ್ವಾ ಮಾತಾಡಿದಳು. ದಾರಿಯಲ್ಲಿ ವ್ಯಾನು ಕೆಟ್ಟು ನಿಂತದ್ದು, ಶಾಲೆಯ ಮಾಡು ಹಾರಿಹೋದದ್ದು, ಚಿಕ್ಕವಳು ಬಿದ್ದ ಹಾಲುಹಲ್ಲನ್ನು ನುಂಗಿ ಅತ್ತದ್ದು. ಅವನು ತಲೆಯಾಡಿಸುತ್ತ ಹೋದ. ಬೇರೆ ದಾರಿಯಿರಲಿಲ್ಲ.

"ಒಂದು ಮಾತು ಹೇಳ್ಲಾ?" ಎಂದಳು. "ನಿನ್ನ ಹತ್ರ ನಾನು ಇಷ್ಟು ಹೊತ್ತು ಮಾತಾಡಿದ್ದು ಇದೇ ಮೊದಲು."

ಅವನು ಸ್ಲೇಟು ತೆಗೆದುಕೊಂಡು ಬಳಪದಿಂದ ಬರೆದ: ಹೇಗಿದ್ದೇನೆ?

"ಇಳಿದುಹೋಗಿದೀಯ."

ಮುಖ, ಎಂದು ಬರೆದ.

ಅವಳು ಶಾಲೆಯಲ್ಲಿ ಹುಡುಗರ ಚಿತ್ರ ನೋಡುವಂತೆ ತಲೆ ವಾಲಿಸಿ ನೋಡಿದಳು. "ಚೆನ್ನಾಗಿದೆ. ಸ್ಟುಡಿಯೋದಲ್ಲಿ ಗಾಜಿನ ಹಿಂದೆ ಇಟ್ಟಿರ್ತಾರಲ್ಲ, ಆ ಫೋಟೋ ಥರ."

ಒರೆಸಿ ಮತ್ತೆ ಬರೆದ. ಬಳಪ ಕಿರುಗುಟ್ಟಿತು. ನೀನು ಬಿಟ್ಟುಹೋದದ್ದು ಇದಕ್ಕೇ ತಾನೆ? ಬರೆದು, ಗಲ್ಲವನ್ನು ತೋರಿಸಿದ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

"ದವಡೆಗಾ?" ಎಂದಳು. ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಹುಟ್ಟುವಾಗಲೇ ಹೋಯ್ತಲ್ಲ, ನಮ್ಮ ಮಗು. ಅದಕ್ಕೂ ಇದೇ ದವಡೆ ಇತ್ತು. ದಾದಿ ಬಟ್ಟೆ ಸರಿಸಿ ತೋರಿಸಿದಳು. ಇಷ್ಟೇ ಇಷ್ಟು, ಮುಂದಕ್ಕೆ ಬಂದಿತ್ತು. ನಾನು ಬೆರಳಿಟ್ಟು ನೋಡಿದೆ. ಮನೇಲಿ ನಿನಗೆ ಹೇಳ್ಬೇಕು ಅನ್ಕೊಂಡೆ."

ಅವನು ಬಳಪವನ್ನು ಸ್ಲೇಟಿನ ಮೇಲಿಟ್ಟ.

"ಕೇಳ್ತೀಯ ಅಂತ ಕಾದೆ. ಗಂಡೋ ಹೆಣ್ಣೋ ಅಂತಾನೂ ನೀನು ಕೇಳ್ಲಿಲ್ಲ. ನೀನು ಮಾತಾಡ್ತಾನೇ ಇದ್ದೆ. ಎಷ್ಟು ಹೆರಿಗೇಲಿ ಎಷ್ಟು ಹೀಗಾಗುತ್ತೆ, ಯಾವ ದೇಶದಲ್ಲಿ ಹೆಚ್ಚು, ಯಾಕೆ. ಕಾದು ಕಾದು ಸಾಕಾಯ್ತು, ಅಮಂಕ್ವಾ. ಅಷ್ಟೇ ಆಗಿದ್ದು."

ಅದೇನೂ ಅವನು ಮರೆತ ಸಂಗತಿಯಲ್ಲ. ಅವತ್ತು ಮಂಚದ ಪಕ್ಕ ಕೂತು, ಅವಳು ಗೋಡೆಯ ಕಡೆ ಹೊರಳುವವರೆಗೂ ಮಾತಾಡಿದ್ದ. ಸಮಾಧಾನ ಹೇಳಿದೆ ಎಂದುಕೊಂಡಿದ್ದ. ಅದರ ಅಡಿಯಲ್ಲಿ ಇನ್ನೊಂದಿತ್ತು. ಅದು ಈಗ, ಬಾಯಿ ಕಟ್ಟಿರುವಾಗ, ತಾನಾಗಿಯೇ ಮೇಲೆ ಬಂತು. ಅವನು ಕೇಳದಿದ್ದದ್ದು ಮರೆತಲ್ಲ. ಮಗು ಯಾರ ಹಾಗಿತ್ತು ಎಂಬ ಮಾತು ಬಂದುಬಿಟ್ಟೀತೆಂದು ಕೇಳಿರಲಿಲ್ಲ. ಸತ್ತ ಸುದ್ದಿ ಬಂದ ಗಳಿಗೆಯಲ್ಲಿ ಎದೆಯೊಳಗೆ ಯಾವುದೋ ಒಂದು ಸಡಿಲವಾಗಿತ್ತು. ಅದಕ್ಕೆ ಹೆಸರಿಡಬಾರದೆಂದೇ ಅಷ್ಟು ಮಾತಾಡಿದ್ದ.

ಏನೋ ಹೇಳಹೊರಟ. ರಬ್ಬರು ಜಗ್ಗಿತು. ಕಿವಿಯವರೆಗೆ ನೋವು ಹರಿದು, ಹಲ್ಲುಗಳ ಹಿಂದೆ ಒಂದು ಮುಲುಗು ಮಾತ್ರ ಹುಟ್ಟಿತು.

"ಅತ್ತೆ, ನೋವು ಬಂತು ಅನ್ಸುತ್ತೆ," ಎಂದು ಸೆರ್ವಾ ಕೂಗಿದಳು.

ತಾಯಿ ಕಿತ್ತಳೆ ರಸ, ಸಿರಿಂಜು ಹಿಡಿದು ಓಡಿಬಂದಳು. ಅವನು ತಲೆಯಲ್ಲಾಡಿಸಿ ಅವಳನ್ನು ತಡೆದ. ಸ್ಲೇಟನ್ನು ಅಂಗಿಯ ತೋಳಿನಿಂದ ಒರೆಸಿ ಬರೆದ: ಹೆಸರು?

ಸೆರ್ವಾ ಅದನ್ನು ಓದಿದಳು. ಓದುಬರಹ ಬಾರದ ಮುದುಕಿ ಇಬ್ಬರ ಮುಖವನ್ನೂ ನೋಡಿದಳು.

"ಎಂಟನೇ ದಿನದವರೆಗೆ ಉಳಿದಿದ್ರೆ ತಾನೇ ಹೆಸರಿಡೋದು," ಎಂದಳು ಸೆರ್ವಾ. "ಶುಕ್ರವಾರ ಹುಟ್ಟಿದ್ದು. ಅಫಿಯಾ ಅನ್ಕೋ. ಶುಕ್ರವಾರದ ಹೆಣ್ಣುಮಕ್ಕಳೆಲ್ಲಾ ಅಫಿಯಾನೇ."

ಬಿಸಿಲು ಇಳಿಯುವಾಗ ಅವಳು ಹೊರಟಳು. ಅವನು ರಸ್ತೆಯವರೆಗೆ ಜೊತೆಗೆ ಹೋದ. ವ್ಯಾನು ಬಂದು ನಿಂತಿತು. ಹತ್ತುವ ಮೊದಲು ಅವಳು ತಿರುಗಿ, ಇಲ್ಲೇನೋ ಮೆತ್ತಿಕೊಂಡಿದೆ ಎಂದು ತನ್ನ ಮೇಲುಬಟ್ಟೆಯ ತುದಿಯಿಂದ ಅವನ ಗಲ್ಲ ಒರೆಸಿದಳು. ಅವಳ ಕೈ ಬಂದದ್ದು ಅವನಿಗೆ ಕಂಡಿತು, ಹೋದದ್ದು ಕಂಡಿತು. ಮುಟ್ಟಿದ್ದು ತಿಳಿಯಲಿಲ್ಲ.

ವ್ಯಾನು ಹೋದ ಮೇಲೆ ಅವನು ಅಲ್ಲೇ ನಿಂತು ಆ ಹೆಸರನ್ನು ಹೇಳಿ ನೋಡಿದ. ನಡುವಿನ ಅಕ್ಷರಕ್ಕೆ ಕೆಳತುಟಿ ಮೇಲಿನ ಹಲ್ಲನ್ನು ತಾಗಬೇಕು. ತಾಗಿತೋ ಇಲ್ಲವೋ ಗೊತ್ತಾಗಲಿಲ್ಲ. ಮತ್ತೆ ಹೇಳಿದ. ದಾಟಿ ಹೋಗುತ್ತಿದ್ದ ಹೆಂಗಸೊಬ್ಬಳು ಮಗುವನ್ನು ತನ್ನ ಆ ಬದಿಗೆ ಎಳೆದುಕೊಂಡಳು.

ರಸ್ತೆಯಾಚೆಯ ಬಯಲಿನಲ್ಲಿ ನಾಳೆ ಯಾರದೋ ಉತ್ತರಕ್ರಿಯೆ. ಕೆಂಪು ಕಪ್ಪು ಶಾಮಿಯಾನ ಎದ್ದಿತ್ತು. ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲುಸಾಲಾಗಿ ಹಾಕಿದ್ದರು. ಒಬ್ಬ ವೇದಿಕೆಯ ಮೇಲೆ ಮೈಕು ಹಿಡಿದು ನಿಂತಿದ್ದ. ಅಮಂಕ್ವಾ ಹೋಗಿ ಮುಂದಿನ ಸಾಲಿನಲ್ಲಿ ಕೂತ. ಯಾಕೆಂದು ಅವನಿಗೇ ತಿಳಿಯಲಿಲ್ಲ.

"ಹಲೋ, ಹಲೋ," ಎಂದಿತು ಆಳೆತ್ತರದ ಸ್ಪೀಕರ್ ಪೆಟ್ಟಿಗೆ. "ಕೇಳಿಸ್ತಿದೆಯಾ? ಕೇಳಿಸಿದ್ರೆ ಕೈ ಎತ್ತು."

ಅಮಂಕ್ವಾ ಕೈ ಎತ್ತಿದ.

ಮೈಕಿನವನು ಅವನ ತಲೆಯ ಮೇಲಿನಿಂದ ಬಯಲಿನ ಆ ತುದಿಗೆ ಕಣ್ಣು ನೆಟ್ಟಿದ್ದ. ಅಲ್ಲಿ ಕಡೆಯ ಪೆಟ್ಟಿಗೆಯ ಬಳಿ ತಂತಿ ಹಿಡಿದು ಬಗ್ಗಿದ್ದವನು ಇನ್ನೂ ಎದ್ದಿರಲಿಲ್ಲ. ಖಾಲಿ ಕುರ್ಚಿಗಳನ್ನು ದನಿ ಮತ್ತೆ ಕೇಳಿತು, ಕೇಳಿಸ್ತಿದೆಯಾ. ಅಮಂಕ್ವಾ ಎತ್ತಿದ ಕೈ ಇಳಿಸದೆ ಕೂತಿದ್ದ.