ತೋಳದ ಗುರುತು

ನನ್ನಿವಾಳದ ಹಟ್ಟಿಯಲ್ಲಿ ಬೋರಯ್ಯನ ಮಗು ದಡಾರಕ್ಕೆ ತೀರಿಕೊಂಡು ಮೂರು ದಿನವಾಗಿತ್ತು. ಕುರಿ ಕಾಯುವ ಗಾದ್ರಪ್ಪನಿಗೆ ಒಂದೇ ಆತುರ: ಬೆಳಗಾದರೆ ಹಟ್ಟಿ ಬಿಟ್ಟು ರಾಂಪುರದ ಕಡೆ ಕುರಿ ಹೊಡೆದುಕೊಂಡು ಹೋಗಬೇಕು. ಅವನ ಹೆಂಡತಿ ಸಿದ್ದಕ್ಕನಿಗೆ ಬೇರೆಯೇ ಚಿಂತೆ. ಮಡಿಲಲ್ಲಿರುವ ಶಶಿರೇಖಾಗೆ ಒಂಬತ್ತು ತಿಂಗಳು ತುಂಬಿದೆ, ದಡಾರದ ಸೂಜಿ ಮಾತ್ರ ಬಿದ್ದಿಲ್ಲ.

"ಕೂಸಿಗೆ ಸೂಜಿ ಹಾಕಿಸ್ಕೊಂಡೇ ಹೋಗಾನ," ಎಂದಳು.

"ಪೋಲಿಯೋ ಹನಿ ಹಾಕಿಸಿದ್ದು ಸಾಲದಾ? ಸೂಜಿಗೆ ಜ್ವರ ಬಂದ್ರೆ ಅಡವೀಲಿ ಯಾರು ನೋಡ್ತಾರೆ? ಸುಮ್ಕೆ ದೂರ ಹೋಗಿ ಬದುಕಾನ."

ಅಷ್ಟರಲ್ಲಿ ಈ ಮಾತು ಕೇಳಿಸಿಕೊಂಡು ನರ್ಸ್ ಅನ್ನಪೂರ್ಣಮ್ಮ ಬಂದರು. "ರಾಂಪುರದ ಕಡೆ ದಡಾರ ಬರಲ್ಲ ಅಂತ ಯಾರು ಹೇಳಿದ್ರು ಗಾದ್ರಪ್ಪಣ್ಣ?"

ಅವನು ಗೂಟಕ್ಕೆ ಕಟ್ಟಿದ್ದ ಕುರಿ ಕಾವಲಿನ ನಾಯಿಯ ಹಗ್ಗ ಬಿಚ್ಚತೊಡಗಿದ.

"ಈ ಹೊಸ ನಾಯಿಗೆ ತೋಳದ ಗುರುತು ಕಲಿಸಿದ್ದೀಯಾ?" ಎಂದು ಅನ್ನಪೂರ್ಣಮ್ಮ ಕೇಳಿದರು.

"ಕಲಿಸ್ದೆ ಬಿಡ್ತೀನಾ ಅಕ್ಕೋರೇ! ಸತ್ತ ತೋಳದ ತೊಗಲು ಮೂಸಿಸಿ ಹದಿನೈದು ದಿನ ಪಳಗಿಸೀನಿ. ಹೋದ ವರ್ಷದ ನಾಯಿಗೆ ಕಲಿಸ್ಲಿಲ್ಲ. ತೋಳ ಬಂದ್ರೆ ಬಾಲ ಅಲ್ಲಾಡಿಸ್ತು ಮುಂಡೇದು! ನಾಕು ಮರಿ ಹೋದ್ವು."

"ಮೈಯೊಳಗೂ ಅಂಥ ನಾಯಿಗಳು ಅವೆ ಕಣಣ್ಣ. ರೋಗಾಣು ಹೊಕ್ಕ ಜೀವಕಣಾನ ಹುಡುಕಿ ಕೊಲ್ಲೋ ಕಣಗಳು. ಗುರುತು ತೋರಿಸ್ದೆ ಅವು ಏಳಲ್ಲ. ಪೋಲಿಯೋ ಹನಿ ಕಲಿಸಿದ್ದು ಪೋಲಿಯೋ ಗುರುತು, ದಡಾರದ್ದಲ್ಲ. ಸೂಜೀಲಿರೋದು ಹಲ್ಲು ಉದುರಿದ ತೋಳ, ಬಲ ಕಳ್ಕೊಂಡ ರೋಗಾಣು. ಕಾವಲು ಕಣಗಳು ಅದರ ಚೂರು ಹೊತ್ಕೊಂಡು ಕಂಕುಳ ಗಂಟಿಗೆ, ಅಂದ್ರೆ ಕೊಲ್ಲೋ ಕಣಗಳು ಸೇರೋ ಜಾಗಕ್ಕೆ ಓಡಿ, ಅವಕ್ಕೆ ತೋರಿಸ್ತವೆ. ಗುರುತು ಹಿಡಿದದ್ದು ಒಂದಿದ್ರೆ ಸಾವಿರ ಆಗ್ತೈತೆ. ಅದ್ರಲ್ಲಿ ಕೆಲವು ವರ್ಷಗಟ್ಲೆ ಆ ಗುರುತು ಮರೆಯಲ್ಲ. ಅದಕ್ಕೂ ಹದಿನೈದು ದಿನ ಬೇಕು. ಅಲ್ಲೀತನಕ ಕಾಯಿಲೆ ಮನೆ ಕಡೆ ಕೂಸನ್ನ ಬಿಡ್ಬೇಡಿ. ವಾರದ ಮೇಲೆ ಒಂಚೂರು ಜ್ವರ ಬಂದ್ರೆ ನನ್ನ ಕರೀರಿ."

ಗಾದ್ರಪ್ಪ ನಾಯಿಯನ್ನು ನೋಡಿದ, ಮಗಳನ್ನು ನೋಡಿದ. "ಥೂ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ! ನಾಯಿಗೆ ಕಲಿಸ್ದೆ, ಕೂಸಿಗೆ ಕಲಿಸ್ಲಿಲ್ಲ," ಎಂದು ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿದ.

ಅಂದೇ ಸೂಜಿ ಹಾಕಿಸಿದರು. ಎಂಟನೇ ದಿನ ಕೂಸಿನ ಮೈ ಕಾದಾಗ ಸಿದ್ದಕ್ಕ ಗಂಡನನ್ನು ಕೂಗಿದಳು. ಗಾದ್ರಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿ ಅನ್ನಪೂರ್ಣಮ್ಮನನ್ನು ಕರೆತಂದ. ಮೈ ಮುಟ್ಟಿ ನೋಡಿದ ಅವರು, "ಒಳಗೆ ನಾಯಿಗಳು ಏಳ್ತಾ ಅವೆ, ಹೆದರ್ಬೇಡ್ರಿ," ಎಂದರು. ಎರಡು ದಿನಕ್ಕೆ ಜ್ವರ ಬಿಟ್ಟಿತು. ಶಶಿರೇಖಾ ನಾಯಿಯ ಬಾಲ ಜಗ್ಗಿ ಕೇಕೆ ಹಾಕಿದಳು.

ಹದಿನಾರನೇ ದಿನ ಕುರಿ ಹೊರಟವು. ದಾರಿಯಲ್ಲಿ ಬೋರಯ್ಯ ಎದುರಾದ. ಕೂಸಿನ ತಲೆ ಸವರಿ, "ನಮ್ಮ ಕೂಸಿಗೂ ಹಾಕಿಸ್ಬೇಕಿತ್ತು ಕಣವ್ವ. ಹೋದಲ್ಲೆಲ್ಲ ಹೇಳು," ಎಂದ.

ಸಿದ್ದಕ್ಕ ಹೋದಲ್ಲೆಲ್ಲ ಹೇಳುತ್ತಲೇ ಇದ್ದಾಳೆ: ಅಕ್ಕಂದಿರೇ, ಅಣ್ಣಂದಿರೇ, ಒಂಬತ್ತು ತಿಂಗಳು ತುಂಬುತ್ತಲೇ ಕೂಸಿಗೆ ದಡಾರದ ಸೂಜಿ ಹಾಕಿಸಿ. ತೋಳ ಬರುವ ಮುಂಚೆ ಗುರುತು ಕಲಿಸಿ.